ಅಮಾವಾಸ್ಯೆಯಿಂದ ಪಂಚಮಿಗೆ: ಕಾಳಿಯ ಅಳಿವೆಯಿಂದ ಸೋಂದೆಯ ತೋಟದವರೆಗೆ ಆರು ದಿನ

ವಲಸೆ ಹಕ್ಕಿಗಳನ್ನು ನೋಡುವ ಈ ಪ್ರವಾಸದ ದಿನಗಳನ್ನು ಗೊತ್ತುಮಾಡಿದ್ದು ಪಂಚಾಂಗ ನೋಡಿ. ಯುಗಾದಿಯ ಹಿಂದಿನ ಅಮಾವಾಸ್ಯೆಗೆ ಕಾರವಾರ, ಪಂಚಮಿಗೆ ಸೋಂದೆ. ಮುಹೂರ್ತಕ್ಕಲ್ಲ, ನೀರಿಗಾಗಿ. ಅಮಾವಾಸ್ಯೆ, ಹುಣ್ಣಿಮೆಯ ದಿನ ನಮ್ಮ ಕಡಲಲ್ಲಿ ಭರತ (ಉಬ್ಬರ) ತುಂಬುವುದು ಬೆಳಗಿನ 11ರ ಆಸುಪಾಸು. ಇಳಿತ ತಳ ಮುಟ್ಟುವುದು ಮುಂಜಾನೆ 5ರ ಹೊತ್ತಿಗೆ, ಮತ್ತೆ ಸಂಜೆ 5ಕ್ಕೆ. ಅಂದರೆ ಬೆಳಕು ಹರಿಯುವಾಗ ಕೆಸರು, ಮರಳು ಎಲ್ಲ ತೆರೆದಿರುತ್ತದೆ. ಅಲ್ಲಿಂದ ನಾಲ್ಕೈದು ತಾಸು ನೀರು ಏರುತ್ತ ಹಕ್ಕಿಗಳನ್ನು ದಂಡೆಯತ್ತ, ನೋಡುವವರ ಕಣ್ಣೆದುರಿಗೇ ದೂಡಿಕೊಂಡು ಬರುತ್ತದೆ. ಅಷ್ಟಮಿಯ ಆಸುಪಾಸು ಇದೇ ಜಾಗಕ್ಕೆ ಬಂದರೆ ಬೆಳಿಗ್ಗೆ ಎಲ್ಲೆಲ್ಲೂ ನೀರು, ಕೆಸರು ಕಾಣುವುದು ನಡುಮಧ್ಯಾಹ್ನ. ಆಗ ಬಿಸಿಗಾಳಿಯ ಅಲೆಯಲ್ಲಿ ದೂರದ ಹಕ್ಕಿ ನೀರಲ್ಲಿ ಅಲುಗುವ ನೆರಳಿನಂತೆ ಕಾಣುತ್ತದೆ. ಹೋದವರು 'ಈ ವರ್ಷ ಹಕ್ಕಿಯೇ ಇಲ್ಲ' ಎಂದು ಹಿಂದಿರುಗುವುದು ಬಹುಪಾಲು ಇಂಥ ತಿಥಿಗಳಲ್ಲಿ.

ಭರತದ ಹೊತ್ತು ದಿನದಿಂದ ದಿನಕ್ಕೆ ಮುಂದೆ ಸರಿಯುತ್ತದೆ. ಸರಾಸರಿ 50 ನಿಮಿಷ ಎಂದು ಶಾಲೆಯಲ್ಲಿ ಕಲಿಸಿದ್ದು ನಿಜ, ಆದರೆ ಅಮಾವಾಸ್ಯೆಯ ಸುತ್ತಮುತ್ತ ಅದು 40ರ ಹತ್ತಿರ, ಅಷ್ಟಮಿಯ ಹೊತ್ತಿಗೆ ಒಂದು ತಾಸನ್ನೂ ಮೀರುತ್ತದೆ. ಅತಿ ದೊಡ್ಡ ಭರತ ಅಮಾವಾಸ್ಯೆಯಂದೇ ಬರುವುದಿಲ್ಲ, ಒಂದೆರಡು ದಿನ ಬಿಟ್ಟು ಬರುತ್ತದೆ. ನಿಖರ ಹೊತ್ತು ಬೇಕಾದರೆ ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿವರ್ಷ ಕೊಡುವ ಉಬ್ಬರವಿಳಿತದ ಕೋಷ್ಟಕವಿದೆ. ಇಲ್ಲದಿದ್ದರೆ ದಕ್ಕೆಯಲ್ಲಿ ಬಲೆ ಬಿಡಿಸುತ್ತ ಕೂತವರನ್ನು ಕೇಳಿದರಾಯಿತು. ಕಾರವಾರದ ಕೊಂಕಣಿಯಲ್ಲಿ ಭರ್ತಿ, ಸುಕ್ತಿ ಎಂದು ಕೇಳಬೇಕು.

ಇನ್ನೊಂದು ಮಾತು. ಯುಗಾದಿ ಮಾರ್ಚ್ ಮೂರನೇ ವಾರಕ್ಕೆ ಬಂದ ವರ್ಷ ಹಕ್ಕಿಗಳು ಇನ್ನೂ ಚಳಿಗಾಲದ ಬೂದುಬಣ್ಣದಲ್ಲೇ ಹೆಚ್ಚು. ಅಧಿಕಮಾಸ ಕಳೆದು ಏಪ್ರಿಲ್ ಎರಡನೇ ವಾರಕ್ಕೆ ಬಂದರೆ ಮರಿಮಾಡುವ ಕಾಲದ ಬಣ್ಣ ಚೆನ್ನಾಗಿ ಏರಿರುತ್ತದೆ, ಆದರೆ ಒಂದಷ್ಟು ಜಾತಿಗಳು ಆಗಲೇ ಹೊರಟುಹೋಗಿರುತ್ತವೆ. ಎರಡೂ ಒಟ್ಟಿಗೆ ಸಿಗುವುದು ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರದಲ್ಲಿ.

ಅಮಾವಾಸ್ಯೆ: ಕೋಡಿಬಾಗ, ದೇವಬಾಗ, ಬೈತಖೋಲ

ಬೆಳಿಗ್ಗೆ 6.15ಕ್ಕೆ ಕೋಡಿಬಾಗದ ದಂಡೆ. ಸೂರ್ಯ ಹಿಂದಿನಿಂದ, ಕಾಳಿ ಹೊಳೆಯ ಮೇಲ್ಗಡೆಯಿಂದ ಏರುತ್ತಾನೆ. ಎದುರಿಗೆ ಅಳಿವೆ, ಆಚೆ ದಡದಲ್ಲಿ ಸದಾಶಿವಗಡ, ದೇವಬಾಗದ ಗಾಳಿಮರಗಳ ಸಾಲು. ಪಶ್ಚಿಮಕ್ಕೆ ಮುಖಮಾಡಿದ ಕಡಲತೀರಕ್ಕೆ ಬೆಳಗಿನ ಹೊತ್ತೇ ಸರಿ. ಸಂಜೆ ಅದೇ ಜಾಗದಲ್ಲಿ ಎಲ್ಲ ಹಕ್ಕಿಯೂ ಕಪ್ಪು. ಸೇತುವೆಯ ಮೇಲೆ ನಿಂತರೆ ನೋಟ ಚೆಂದವೇನೋ ಸರಿ, ಆದರೆ 2024ರ ಆಗಸ್ಟ್‌ನಲ್ಲಿ ಹಳೆಯ ಸೇತುವೆ ಕುಸಿದದ್ದು ನೆನಪಿರಲಿ. ಹೆದ್ದಾರಿಯ ಲಾರಿಗಳ ನಡುವೆ ಗಾಡಿ ನಿಲ್ಲಿಸುವ ಜಾಗ ಅದಲ್ಲ.

ಮೊದಲ ಒಂದು ತಾಸು ಹಕ್ಕಿಗಳು ಚದುರಿರುತ್ತವೆ. ಎಣಿಸಲು ಹೋಗಬಾರದು, ಯಾವ ದಿಬ್ಬದಲ್ಲಿ ಹೆಚ್ಚು ಇವೆ ಎಂದು ಗುರುತಿಟ್ಟುಕೊಂಡರೆ ಸಾಕು. ಎಂಟೂವರೆ ದಾಟಿದ ಮೇಲೆ ಮರಳದಿಬ್ಬ ಕುಗ್ಗುತ್ತ ಬಂದು ಹಕ್ಕಿಗಳು ಒತ್ತೊತ್ತಾಗಿ ನಿಲ್ಲುತ್ತವೆ. ಎಲ್ಲವೂ ಗಾಳಿಗೆ ಮುಖಮಾಡಿ ನಿಲ್ಲುವುದರಿಂದ ಗಾಳಿಯ ದಿಕ್ಕು ಗೊತ್ತಿದ್ದರೆ ಮುಖ ಕಾಣುವ ಜಾಗವನ್ನು ಮೊದಲೇ ಆರಿಸಿಕೊಳ್ಳಬಹುದು. ಎಣಿಕೆಗೆ ಈ ಹೊತ್ತು. ಹತ್ತು ಹಕ್ಕಿಯನ್ನು ಒಂದೊಂದಾಗಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯಿತೆಂದು ಕಣ್ಣಲ್ಲಿ ಅಳೆದು, ಅದೇ ಅಳತೆಯಲ್ಲಿ ಗುಂಪನ್ನು ದಾಟುತ್ತ ಹೋಗುವುದು. ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಒಮ್ಮೆ. ಎರಡರ ನಡುವೆ ಅಂತರ ದೊಡ್ಡದಿದ್ದರೆ ಮೂರನೆಯ ಸಲ.

ಗುಂಪಿನಲ್ಲಿ ಬಹುಪಾಲು ಮರಳು ಗೊರವಗಳು. ಹಳೆಯ ಪುಸ್ತಕಗಳು ಲೆಸ್ಸರ್ ಸ್ಯಾಂಡ್ ಪ್ಲವರ್ ಎಂದು ಕರೆದದ್ದನ್ನು ಈಚೆಗೆ ಎರಡು ಜಾತಿಯಾಗಿ ಒಡೆದಿದ್ದಾರೆ. ನಮ್ಮ ತೀರಕ್ಕೆ ಬರುವುದು ಟಿಬೆಟನ್ ಸ್ಯಾಂಡ್ ಪ್ಲವರ್. ಈ ವಾರ ಗುಂಪಿನಲ್ಲಿ ಎರಡು ಹಕ್ಕಿ ಒಂದೇ ಥರ ಇರುವುದಿಲ್ಲ. ಒಂದಕ್ಕೆ ಎದೆಯಲ್ಲಿ ಇಟ್ಟಿಗೆಗೆಂಪಿನ ಅಗಲ ಪಟ್ಟೆ, ಕಣ್ಣಿಗೆ ಕಪ್ಪು ಮುಖವಾಡ. ಪಕ್ಕದ್ದಕ್ಕೆ ಕೆಂಪಿನ ಒಂದೆರಡು ಚುಕ್ಕೆ, ಅದರಾಚೆಯದು ಪೂರಾ ಬೂದು. ಪುಸ್ತಕದಲ್ಲಿರುವುದು ಮೊದಲ ಮತ್ತು ಕೊನೆಯ ಉಡುಪು ಮಾತ್ರ, ಎದುರಿಗಿರುವುದು ನಡುವಿನದು. ಆದ್ದರಿಂದ ಬಣ್ಣ ನಂಬಿ ಹೆಸರಿಡುವುದು ಅಪಾಯ. ಆಕಾರದಿಂದ ಶುರುಮಾಡಬೇಕು.

ಮೊದಲು ಕತ್ತಿನ ಹಿಂಭಾಗ. ಅಲ್ಲಿ ಬಿಳಿ ಪಟ್ಟಿ ಸುತ್ತಿಬಂದಿದ್ದರೆ ಅದು ಕೆಂಟಿಷ್ ಪ್ಲವರ್, ಇಲ್ಲದಿದ್ದರೆ ಮರಳು ಗೊರವ. ಕಣ್ಣಿನ ಸುತ್ತ ಹಳದಿ ಬಳೆ ಇದ್ದರೆ ಲಿಟಲ್ ರಿಂಗ್ಡ್ ಪ್ಲವರ್. ಅದು ಕಡಲಿಗಿಂತ ಹೊಳೆಯಂಚಿನದು. ಮರಳು ಗೊರವ ಎಂದು ಖಾತ್ರಿಯಾದ ಮೇಲೆ ಕೊಕ್ಕು ಅಳೆಯಬೇಕು. ಕೊಕ್ಕಿನ ಉದ್ದವನ್ನು ಅದರ ಬುಡದಿಂದ ಕಣ್ಣಿನ ಹಿಂದಂಚಿನವರೆಗಿನ ಅಂತರಕ್ಕೆ ಹೋಲಿಸಿ ನೋಡಿ. ಅಷ್ಟೇ ಅಥವಾ ಕಡಿಮೆ ಇದ್ದರೆ ಟಿಬೆಟನ್, ಸ್ಪಷ್ಟವಾಗಿ ಹೆಚ್ಚಿದ್ದು ತುದಿ ಚೂಪಾಗಿದ್ದರೆ ಗ್ರೇಟರ್ ಸ್ಯಾಂಡ್ ಪ್ಲವರ್. ಗ್ರೇಟರ್‌ನ ಕಾಲು ಉದ್ದ, ಹಸಿರು-ಹಳದಿ ಛಾಯೆ, ಹಾರುವಾಗ ಬೆರಳು ಬಾಲದ ಆಚೆ ಚಾಚುತ್ತವೆ. ಟಿಬೆಟನ್‌ನದು ಗಾಢ ಬೂದುಗಾಲು. ಆದರೆ ಕೆಸರು ಮೆತ್ತಿದ ಕಾಲಿಗೆ ಬಣ್ಣ ಹೇಳಲು ಬರುವುದಿಲ್ಲ. ಇಲ್ಲಿಯೇ ಹೆಚ್ಚಿನವರು ಎಡವುವುದು. ಒಂಟಿ ಹಕ್ಕಿಗೆ 'ಗ್ರೇಟರ್' ಎಂದು ಬರೆಯುವ ಮುನ್ನ ಅದು ಇನ್ನೊಂದರ ಪಕ್ಕ ನಿಲ್ಲುವವರೆಗೆ ಕಾಯುವುದು ಒಳ್ಳೆಯದು.

ದೇವಬಾಗದ ಕಡೆಗೆ ದೋಣಿ ಮಾಡುವುದಾದರೆ ಬಾಡಿಗೆ ಮಾತಾಡುವಾಗಲೇ ಎರಡು ವಿಷಯ ಹೇಳಿಬಿಡಬೇಕು: ದಿಬ್ಬದಿಂದ 100 ಮೀಟರ್ ಆಚೆಯೇ ಎಂಜಿನ್ ನಿಲ್ಲಿಸಬೇಕು, ದಿಬ್ಬಕ್ಕೆ ದೋಣಿ ತಾಗಿಸಬಾರದು. ಭರತದ ಹೊತ್ತಿಗೆ ಹಕ್ಕಿಗಳಿಗೆ ನಿಲ್ಲಲು ಉಳಿದಿರುವುದು ಅದೊಂದೇ ಜಾಗ. ಒಮ್ಮೆ ಎಬ್ಬಿಸಿದರೆ ಅವು ಅಳಿವೆಯನ್ನೇ ಸುತ್ತಿ ಸುತ್ತಿ ದಣಿಯುತ್ತವೆ, ಹಿಮಾಲಯದಾಚೆಗೆ ಹಾರಲೆಂದು ತಿಂಗಳುಗಟ್ಟಲೆ ಕೂಡಿಟ್ಟ ಕೊಬ್ಬು ಅಷ್ಟರಮಟ್ಟಿಗೆ ಕರಗುತ್ತದೆ. ತಲೆಯೆತ್ತಿ ನಿಂತವು, ಒಂಟಿಗಾಲಿನಿಂದ ಎರಡು ಕಾಲಿಗೆ ಬಂದವು ಅಂದರೆ ಹತ್ತಿರವಾದೆವು ಎಂದೇ ಅರ್ಥ. ದೋಣಿಯಲ್ಲಿ ಸ್ಕೋಪ್ (ಟ್ರೈಪಾಡಿನ ಮೇಲಿಡುವ ದೂರದರ್ಶಕ) ಒಯ್ದರೂ ಉಪಯೋಗವಿಲ್ಲ, 8x42 ಬೈನಾಕ್ಯುಲರ್ ಸಾಕು.

ಸಂಜೆ ಬೈತಖೋಲದ ದಕ್ಕೆ. ಮರುದಿನ ಹಬ್ಬ, ದಕ್ಕೆಯ ಗದ್ದಲ ಇರುತ್ತದೋ ಇಲ್ಲವೋ ಎಂದು ಇವತ್ತೇ ಮುಗಿಸಿದ್ದು. ಯಾಂತ್ರಿಕ ದೋಣಿಗಳಿಗೆ ನಿಷೇಧ ಬರುವುದು ಜೂನ್ 1ಕ್ಕೆ, ಹಾಗಾಗಿ ಈಗ ಮೀನು ಇಳಿಸುವ ಕೆಲಸ ಭರದಲ್ಲೇ ಇರುತ್ತದೆ, ಮೀನಿನ ಹಿಂದೆ ಕಡಲಕ್ಕಿಗಳು (ಗಲ್). ರೆಕ್ಕೆಯ ತುದಿ ನೋಡಿದರೆ ಅರ್ಧ ಕೆಲಸ ಮುಗಿಯಿತು. ಕಪ್ಪು ತುದಿಯೊಳಗೆ ಬಿಳಿ ಕಿಟಕಿ ಇದ್ದರೆ ಬ್ರೌನ್-ಹೆಡೆಡ್, ರೆಕ್ಕೆಯ ಮುಂದಂಚಿಗೆ ಉದ್ದ ಬಿಳಿ ಬೆಣೆ ಇದ್ದರೆ ಬ್ಲ್ಯಾಕ್-ಹೆಡೆಡ್. ಎಲ್ಲದರ ತಲೆ ಕಪ್ಪೇರುತ್ತಿರುವಾಗ ಒಂದರದು ಮಾತ್ರ ಬೆಳ್ಳಗೆ ಉಳಿದು ಎದೆಗೆ ತೆಳು ಗುಲಾಬಿ ಹತ್ತಿದ್ದರೆ ಸ್ಲೆಂಡರ್-ಬಿಲ್ಡ್. ಪಲ್ಲಾಸ್ ಗಲ್ ಎಲ್ಲಕ್ಕಿಂತ ಮೊದಲು ತಲೆ ಕಪ್ಪು ಮಾಡಿಕೊಂಡು ಎಲ್ಲಕ್ಕಿಂತ ಮೊದಲೇ ಹೊರಡುವ ದೊಡ್ಡ ಹಕ್ಕಿ, ಈಗ ಸಿಕ್ಕರೆ ಅದೃಷ್ಟ. ಇನ್ನು ಬೆನ್ನು ಕಡುಬೂದಾದ ದೊಡ್ಡ ಗಲ್‌ಗಳ ಒಳಜಾತಿಯ ವಿಷಯ: ಮರಿಗಳನ್ನು ಹೆಸರಿಸದೆ 'ದೊಡ್ಡ ಗಲ್' ಎಂದು ಬಿಟ್ಟುಬಿಡುವುದರಲ್ಲಿ ಅವಮಾನವೇನಿಲ್ಲ.

ದಕ್ಷಿಣಕ್ಕೆ ಅರಗಾದ ಕಡೆ ನೌಕಾನೆಲೆ. ಆ ದಿಕ್ಕಿಗೆ ಸ್ಕೋಪ್, ಉದ್ದ ಲೆನ್ಸ್ ತಿರುಗಿಸುವುದು ಬೇಡ. ಹಕ್ಕಿ ನೋಡುತ್ತಿದ್ದೆವು ಎಂದು ಆಮೇಲೆ ವಿವರಿಸುತ್ತ ಕೂರುವುದು ಕಷ್ಟ.

ಪಾಡ್ಯ: ಮಾಜಾಳಿ, ತಿಳಮಾತಿ

ಯುಗಾದಿಯ ಬೆಳಿಗ್ಗೆ. ಭರತ ಸುಮಾರು 11.45ಕ್ಕೆ. ಮಾಜಾಳಿಯಿಂದ ಗುಡ್ಡ ಹತ್ತಿಳಿದರೆ ತಿಳಮಾತಿಯ ಕರಿಮರಳು. ಎಳ್ಳು ಚೆಲ್ಲಿದ ಹಾಗೆ ಇರುವುದರಿಂದಲೇ ಆ ಹೆಸರು. ಹಕ್ಕಿ ಮರಳಲ್ಲಿಲ್ಲ, ಬಂಡೆಯ ಮೇಲಿವೆ: ರಡ್ಡಿ ಟರ್ನ್‌ಸ್ಟೋನ್. ಚಳಿಗಾಲದಲ್ಲಿ ಬಂಡೆಯ ಬಣ್ಣದಲ್ಲೇ ಕರಗಿಹೋಗುವ ಇದು ಈಗ ಬೆನ್ನಿಗೆ ಕಾವಿಬಣ್ಣ ಹಚ್ಚಿಕೊಂಡು, ಮುಖಕ್ಕೆ ಕಪ್ಪು-ಬಿಳಿ ಗೀರೆಳೆದುಕೊಂಡು ನಿಂತಿರುತ್ತದೆ. ಅಲೆ ಬಡಿಯುವ ಅಂಚಿನಲ್ಲಿ ವೆಸ್ಟರ್ನ್ ರೀಫ್ ಹೆರಾನ್. ಬೂದು ಬಣ್ಣದ್ದಾದರೆ ತೊಂದರೆಯಿಲ್ಲ, ಬಿಳಿಯದಾದರೆ ಬೆಳ್ಳಕ್ಕಿ ಎಂದು ಬರೆದುಬಿಡುವವರೇ ಹೆಚ್ಚು. ಕೊಕ್ಕು ದಪ್ಪ, ಸ್ವಲ್ಪ ಕೆಳಬಾಗಿದ್ದು ಹಳದಿ-ಕಂದು ಬಣ್ಣದ್ದಾಗಿದ್ದರೆ ಸಂಶಯಪಡಬೇಕು. ಸಣ್ಣ ಬೆಳ್ಳಕ್ಕಿಯ ಕೊಕ್ಕು ತೆಳ್ಳಗೆ, ಕಪ್ಪಗೆ.

ಬಂಡೆಗೆ ಅಂಟಿದ ಚಿಪ್ಪುಗಳು ಬ್ಲೇಡಿನಂತೆ ಕೊಯ್ಯುತ್ತವೆ, ಬರಿಗಾಲು ಬೇಡ. ನೀರು ಏರುವ ಹೊತ್ತಿಗೆ ಬಂಡೆಯ ತುದಿಗೆ ಹೋಗಿ ಕೂರುವುದೂ ಬೇಡ, ವಾಪಸು ಬರುವ ದಾರಿ ಮೊದಲು ಮುಳುಗುತ್ತದೆ.

ಸದಾಶಿವಗಡದ ಬಂಡೆ, ಗೋಡೆಗಳಲ್ಲಿ ಬ್ಲೂ ರಾಕ್ ಥ್ರಷ್ ಈ ವಾರ ಇದ್ದರೂ ಇರಬಹುದು, ಹೊರಡುವ ಕಾಲ ಅದಕ್ಕೆ. ಮೇಲಿನಿಂದ ಅಳಿವೆ, ದ್ವೀಪಗಳು ಕಾಣುತ್ತವೆ. ಬಿಳಿಹೊಟ್ಟೆಯ ಕಡಲ ಹದ್ದು ನಮ್ಮದೇ ಹಕ್ಕಿ, ವರ್ಷವಿಡೀ ಇರುತ್ತದೆ. ಡೇಗೆ (ಆಸ್ಪ್ರೆ) ಹಾಗಲ್ಲ, ಉತ್ತರಕ್ಕೆ ಹೊರಟಿದೆ. ಮೀನು ಹಿಡಿದ ಡೇಗೆಯನ್ನು ಕಡಲ ಹದ್ದು ಅಟ್ಟಿಸಿಕೊಂಡು ಹೋಗಿ ಬಿಡಿಸಿಕೊಳ್ಳುವ ದೃಶ್ಯಕ್ಕೆ ಈ ಎತ್ತರ ಒಳ್ಳೆಯ ಜಾಗ.

ಕಾರವಾರಕ್ಕೆ ಹಕ್ಕಿಪಟ್ಟಿಯ ಚರಿತ್ರೆಯೂ ಉಂಟು. ಉತ್ತರ ಕನ್ನಡದ ಕಲೆಕ್ಟರ್ ಆಗಿದ್ದ ಜೇಮ್ಸ್ ಡೇವಿಡ್ಸನ್ ಜಿಲ್ಲೆಯ ಹಕ್ಕಿಗಳ ಪಟ್ಟಿಯನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1898ರಲ್ಲೇ ಪ್ರಕಟಿಸಿದ. ಇಂದಿನ ಪಟ್ಟಿ ಬರೆಯುವವರು ದಿನಾಂಕ, ಜಾಗ, ನೀರಿನ ಮಟ್ಟ ಮೂರನ್ನೂ ನಮೂದಿಸಿದರೆ ಮುಂದಿನವರಿಗೆ ಹೋಲಿಸಲು ಏನಾದರೂ ಸಿಗುತ್ತದೆ.

ಬಿದಿಗೆ: ಸಾಣಿಕಟ್ಟಾ, ತದಡಿ

ಆರು ದಿನಗಳಲ್ಲಿ ಒಂದೇ ದಿನ ಬಿಡುವಿದ್ದರೆ ಈ ದಿನವನ್ನೇ ಆರಿಸಿಕೊಳ್ಳಬೇಕು. ಭರತ ಸುಮಾರು 12.30ಕ್ಕೆ, ದೊಡ್ಡದು. ಕಾರವಾರದಿಂದ ಬೆಳಿಗ್ಗೆ 6ಕ್ಕೆ ಬಿಟ್ಟರೆ ಅಂಕೋಲೆ ದಾಟಿ ಗೋಕರ್ಣದ ರಸ್ತೆ ಹಿಡಿದು 8ರೊಳಗೆ ತದಡಿ. ಮೊದಲು ಹೊಳೆಯ ಕೆಸರು, ನೀರೇರಿದ ಮೇಲೆ ಉಪ್ಪಿನ ಆಗರ. ಈ ಕ್ರಮ ತಪ್ಪಿದರೆ ಎರಡೂ ಕಡೆ ಖಾಲಿ. ಕೆಸರು ಮುಳುಗಿದಾಗ ಹಕ್ಕಿಗಳು ಆಗರದ ಬದುಗಳಿಗೆ, ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಿಗೆ ಬಂದು ವಿಶ್ರಮಿಸುತ್ತವೆ. ಇಳಿತ ಶುರುವಾದೊಡನೆ ಮತ್ತೆ ಹೊಳೆಗೆ.

ಈ ಹೊಳೆಯೇ ಅಘನಾಶಿನಿ. ಅದರ ಅಳಿವೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು, 4801 ಹೆಕ್ಟೇರ್. ಅಣೆಕಟ್ಟಿಲ್ಲದ ಹೊಳೆಯಾದ್ದರಿಂದ ಘಟ್ಟದ ಹೂಳು ತಡೆಯಿಲ್ಲದೆ ಬಂದು ಕೂರುತ್ತದೆ. ಆ ಹೂಳಿನಲ್ಲೇ ಬಳಚು (ಚಿಪ್ಪುಮೀನು), ಹುಳು, ಏಡಿಮರಿ. ಬೆಳಗಿನ ಇಳಿತದಲ್ಲಿ ಬಳಚು ಆರಿಸುವವರು ಸೊಂಟಮಟ್ಟ ನೀರಿನಲ್ಲಿ, ಅವರಿಂದ ಕೂಗಳತೆಯಲ್ಲಿ ಕರ್ಲ್ಯೂಗಳು ಅದೇ ಕೆಸರಿಗೆ ಕೊಕ್ಕಿಳಿಸುತ್ತಿರುತ್ತವೆ. ದಿನಾ ನೋಡುವ ಬಳಚಿನವರಿಗೆ ಅವು ಹೆದರುವುದಿಲ್ಲ, ದಂಡೆಯಲ್ಲಿ ಹೊಸದಾಗಿ ಬಂದು ನಿಂತವರಿಗೆ ಹೆದರುತ್ತವೆ. ಹೀಗಾಗಿ ದೋಣಿ ಎಳೆದಿಟ್ಟಲ್ಲಿ ಅದರ ಮರೆಯಲ್ಲಿ ಕೂರುವುದು ಜಾಣತನ. ಕೆಸರಿಗೆ ಇಳಿಯಲೇಬಾರದು. ಮೊಣಕಾಲಿನವರೆಗೆ ಹುಗಿಯುವ ಹುದುಲು ಎಲ್ಲಿದೆ ಎಂಬುದು ಅಲ್ಲಿಯವರಿಗೆ ಮಾತ್ರ ಗೊತ್ತು.

ಕರ್ಲ್ಯೂ ಮತ್ತು ವಿಂಬ್ರೆಲ್ ಎರಡಕ್ಕೂ ಕೆಳಬಾಗಿದ ಕೊಕ್ಕು. ವಿಂಬ್ರೆಲ್‌ಗೆ ತಲೆಯಲ್ಲಿ ಉದ್ದ ಪಟ್ಟೆ, ಕೊಕ್ಕು ಗಿಡ್ಡ, ಕೂಗು ಒಂದೇ ಏಟಿಗೆ ಏಳೆಂಟು ಸಲ 'ಪಿಪಿಪಿಪಿ'. ಟೆರೆಕ್ ಸ್ಯಾಂಡ್‌ಪೈಪರ್ ಸಿಕ್ಕರೆ ಬಿಡಬಾರದು. ಮೇಲಕ್ಕೆ ಬಾಗಿದ ಕೊಕ್ಕು, ಕಿತ್ತಳೆ ಹಳದಿ ಗಿಡ್ಡ ಕಾಲು, ಏಡಿಯ ಹಿಂದೆ ತಲೆ ತಗ್ಗಿಸಿ ಓಡುವ ಓಟ. ಗ್ರೇ ಪ್ಲವರ್ ಮತ್ತು ಪೆಸಿಫಿಕ್ ಗೋಲ್ಡನ್ ಪ್ಲವರ್ ಎರಡಕ್ಕೂ ಈಗ ಹೊಟ್ಟೆ ಕಪ್ಪೇರುತ್ತದೆ. ಅನುಮಾನ ಬಂದರೆ ಅವು ತಾವಾಗಿ ರೆಕ್ಕೆ ಎತ್ತುವವರೆಗೆ ಕಾಯಬೇಕು. ಕಂಕುಳಲ್ಲಿ ಕಪ್ಪು ಮಚ್ಚೆ ಗ್ರೇ ಪ್ಲವರ್‌ಗೆ ಮಾತ್ರ.

10 ಗಂಟೆ ದಾಟಿತೆಂದರೆ ಬಿಸಿಯ ಅಲೆ ಏಳುತ್ತದೆ. ಸ್ಕೋಪನ್ನು 60 ಪಟ್ಟಿಗೆ ಏರಿಸಿದರೆ ಹಕ್ಕಿ ಹತ್ತಿರವಾಗುವುದಿಲ್ಲ, ನಡುಕ ಹತ್ತಿರವಾಗುತ್ತದೆ. 25–30ಕ್ಕೆ ಇಳಿಸಿ, ನೀರಿನ ಮೇಲಿಂದ ನೋಡುವ ಕೋನ ಹುಡುಕಿದರೆ ಒಂದಿಷ್ಟು ವಾಸಿ, ಬಿಸಿ ಮರಳಿಗಿಂತ ನೀರಿನ ಮೇಲೆ ಗಾಳಿ ಕಡಿಮೆ ಅಲುಗುತ್ತದೆ.

11ರ ಹೊತ್ತಿಗೆ ಸಾಣಿಕಟ್ಟಾ. ಉಪ್ಪು ತೆಗೆಯುವ ಕಾಲ ಇದು, ಮೊದಲು ಆಗರದವರ ಅನುಮತಿ. ಬದುಗಳ ಮೇಲೆ ಮಾತ್ರ ನಡಿಗೆ, ಉಪ್ಪು ಕಟ್ಟುವ ಕಣದ ಹತ್ತಿರ ಕಾಲಿಡುವಂತಿಲ್ಲ. ಮಣ್ಣು ಬಿದ್ದರೆ ಉಪ್ಪು ಕೆಡುತ್ತದೆ. ಯಾವ ಪಾತಿಯಲ್ಲಿ ಯಾವ ಹಕ್ಕಿ ಎನ್ನುವುದನ್ನು ನೀರಿನ ಆಳ ಹೇಳುತ್ತದೆ. ಒಂದು ಗೇಣು ನೀರಿರುವಲ್ಲಿ ಮೆಟ್ಟುಗಾಲು ಹಕ್ಕಿ, ನಾಲ್ಕು ಬೆರಳಷ್ಟಿದ್ದರೆ ಸೂಜಿಕೊಕ್ಕಿನ ಮಾರ್ಷ್ ಸ್ಯಾಂಡ್‌ಪೈಪರ್, ಗ್ರೀನ್‌ಶ್ಯಾಂಕ್, ರೆಡ್‌ಶ್ಯಾಂಕ್. ಕೆಸರು ನೆನೆದಿರುವಷ್ಟೇ ಇದ್ದರೆ ಲಿಟಲ್ ಸ್ಟಿಂಟ್. ಉಪ್ಪು ಗಟ್ಟಿಯಾದ ಕೊನೆಯ ಪಾತಿಗಳಲ್ಲಿ ಮೇಯುವ ಹಕ್ಕಿ ತೀರ ಕಡಿಮೆ.

ಇಲ್ಲಿನ ಪಜಲ್ ಕರ್ಲ್ಯೂ ಸ್ಯಾಂಡ್‌ಪೈಪರ್ ಮತ್ತು ಡನ್ಲಿನ್. ಬಣ್ಣ ಏರಿದರೆ ಮೊದಲಿನದು ಇಟ್ಟಿಗೆಗೆಂಪು, ಎರಡನೆಯದಕ್ಕೆ ಹೊಟ್ಟೆಯಲ್ಲಿ ಕರಿ ತೇಪೆ. ಏರದಿದ್ದರೆ ಹಾರುವಾಗ ಬಾಲದ ಬುಡ ನೋಡಬೇಕು: ಪೂರ್ತಿ ಬಿಳಿಯಾದರೆ ಕರ್ಲ್ಯೂ ಸ್ಯಾಂಡ್‌ಪೈಪರ್, ನಡುವೆ ಕರಿಗೆರೆ ಇದ್ದರೆ ಡನ್ಲಿನ್.

ಸಂಶೋಧಕರು ಗುರುತಿಗೆಂದು ಕಾಲಿಗೆ ಬಣ್ಣದ ಪಟ್ಟಿ ಕಟ್ಟಿದ ಹಕ್ಕಿ ಸಿಕ್ಕರೆ ಫೋಟೋ ಸಾಲದು. ಎಡಗಾಲೋ ಬಲಗಾಲೋ, ಮಂಡಿಯಂತೆ ಕಾಣುವ ಗಂಟಿನ ಮೇಲೋ ಕೆಳಗೋ, ಯಾವ ಬಣ್ಣದ ಕೆಳಗೆ ಯಾವ ಬಣ್ಣ, ಅಕ್ಷರವೇನು — ನಾಲ್ಕನ್ನೂ ಅಲ್ಲೇ ಬರೆದುಕೊಳ್ಳಬೇಕು. ಎಡ-ಬಲ ಅದಲುಬದಲಾದರೆ ಆ ಮಾಹಿತಿ ಬೇರೆ ಹಕ್ಕಿಯದಾಗಿಬಿಡುತ್ತದೆ.

ರಾತ್ರಿ ಟ್ರೈಪಾಡಿನ ಕಾಲು ಬಿಡಿಸಿ ಸಿಹಿನೀರಿನಲ್ಲಿ ತೊಳೆಯುವುದನ್ನು ತಪ್ಪಿಸಬಾರದು. ಆಗರದ ನೀರು ಒಣಗಿದರೆ ತಿರುಪು ಬೆಳಿಗ್ಗೆ ತಿರುಗುವುದಿಲ್ಲ.

ತದಿಗೆ: ಕುಮಟಾ ಕಡೆಯ ಗಜನಿ, ಹೊನ್ನಾವರ

ಭರತ 1.15ರ ಸುಮಾರಿಗೆ, ಹೊಳೆಯೊಳಕ್ಕೆ ಹೋದಷ್ಟೂ ಇನ್ನೂ ತಡ. ಮಿರ್ಜಾನದ ಕಡೆಗೆ ತದಡಿಯ ಗಡಿಯಾರ ಹಿಡಿದು ಹೋದರೆ ಬೇಗ ಹೋದಂತಾಗುತ್ತದೆ. ಮಾಣಿಕಟ್ಟಾದ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ, ಆಮೇಲೆ ಸಿಗಡಿ. ತೂಬು ತೆಗೆದು ನೀರು ಬಿಡುವ ದಿನ ತೂಬಿನ ಬಾಯಲ್ಲಿ ಬೆಳ್ಳಕ್ಕಿ, ರೀವಗಳ (ಟರ್ನ್) ಜಾತ್ರೆ. ರೀವಗಳಿಗೆ ಕೊಕ್ಕಿನ ಬಣ್ಣವೇ ಗುರುತು. ಕೆಂಪು, ಭಾರಿ ದಪ್ಪ ಕೊಕ್ಕಾದರೆ ಕ್ಯಾಸ್ಪಿಯನ್. ಕಪ್ಪು, ದಪ್ಪವಾದರೆ ಗಲ್-ಬಿಲ್ಡ್. ಕಪ್ಪಿನ ತುದಿಗೆ ಹಳದಿ ಅದ್ದಿದಂತಿದ್ದರೆ ಸ್ಯಾಂಡ್‌ವಿಚ್. ಕಿತ್ತಳೆಯಾದರೆ ಲೆಸ್ಸರ್ ಕ್ರೆಸ್ಟೆಡ್, ಹಸಿರುಹಳದಿಯಾದರೆ ಗ್ರೇಟರ್ ಕ್ರೆಸ್ಟೆಡ್.

ಮಧ್ಯಾಹ್ನ ಹೊನ್ನಾವರದ ಕಾಸರಕೋಡಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕಾಲುಹಾದಿ. ನೆರಳಿದೆ, ಕರಿತಲೆ ಮಿಂಚುಳ್ಳಿ ಇದೆ, ಜನವೂ ಇದ್ದಾರೆ. ಭಾನುವಾರವಾದರೆ ಬಿಟ್ಟುಬಿಡಿ.

ಚೌತಿ: ಘಟ್ಟ ಹತ್ತುವುದು

ಕುಮಟಾದಿಂದ ದೇವಿಮನೆ ಘಟ್ಟದ ಮೇಲೆ ಶಿರಸಿ, ಸುಮಾರು 60 ಕಿ.ಮೀ. ರಸ್ತೆ ಕೆಲಸದಿಂದಾಗಿ ಈ ದಾರಿ ಆಗಾಗ ಮುಚ್ಚುತ್ತದೆ, ಹೊರಡುವ ಮುನ್ನ ಕುಮಟಾದಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ. ಇಲ್ಲಿಂದ ಉಬ್ಬರದ ಲೆಕ್ಕ ಮುಗಿಯಿತು. ಇನ್ನು ಹೂವು, ಹಣ್ಣು, ಸಂಜೆಯ ಮಳೆಯ ಲೆಕ್ಕ.

ಮುತ್ತುಗ, ಬೂರುಗ ಹೂ ಮುಗಿಯುತ್ತ ಬಂದಿದ್ದರೆ ಗುಲಾಬಿ ಕಬ್ಬಕ್ಕಿಗಳ ಹಿಂಡೂ ಮುಗಿದಂತೆ. ಹಣ್ಣಾದ ಗೋಳಿ, ಬಸರಿ ಮರ ಕಂಡರೆ ಅರ್ಧ ತಾಸು ಕೆಳಗೆ ನಿಲ್ಲುವುದು ಒಳ್ಳೆಯದು. ಮಂಗಟ್ಟೆ ಬಂದರೆ ಈಗ ಗಂಡು ಮಾತ್ರ, ಹೆಣ್ಣು ಪೊಟರೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿರುವ ಕಾಲ. ಹಣ್ಣು ನುಂಗಿ ಹೊರಟ ಗಂಡಿನ ಹಿಂದೆ ಗೂಡು ಹುಡುಕಿಕೊಂಡು ಹೋಗಬಾರದು. ಮರದ ಕೆಳಗೆ ಜನ ನಿಂತಿರುವಷ್ಟು ಹೊತ್ತು ಅದು ತುತ್ತು ಕೊಡಲು ಇಳಿಯುವುದಿಲ್ಲ.

ಸಂಜೆ ಗುಡುಗಿ ನಾಲ್ಕು ಹನಿ ಬಿದ್ದರೆ ಗೆದ್ದಲ ಹಾತೆ ಏಳುತ್ತದೆ. ಆ ಹದಿನೈದು ನಿಮಿಷ ಕವಲುತೋಕೆ, ಬಾನಾಡಿ, ಬೂದು ಕಾಜಾಣ, ನೀಲಿಬಾಲದ ಕಳ್ಳಿಪೀರ ಎಲ್ಲ ಒಂದೇ ಆಕಾಶದಲ್ಲಿ.

ಪಂಚಮಿ: ಸೋಂದೆ

ಮುಂಡಿಗೆಕೆರೆಗೆ ಈಗ ಹೋಗುವವರು ನಿರಾಶರಾಗುತ್ತಾರೆ. ಮುಂಡಿಗೆಯ ಪೊದೆಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವುದು ಮಳೆ ಹಿಡಿದ ಮೇಲೆ, ಜೂನಿನಿಂದ. ಈಗಿನ ಕೆಲಸ ಅಡಿಕೆ ತೋಟ ಮತ್ತು ಅದರ ಮೇಲಿನ ಸೊಪ್ಪಿನ ಬೆಟ್ಟದ ನಡುವಿನ ಅಂಚಿನಲ್ಲಿ, ಬೆಳಿಗ್ಗೆ 6ರಿಂದ 8.30ರವರೆಗೆ.

ತೋಟದ ಕಾಲುವೆಯ ಪಕ್ಕ ಫಾರೆಸ್ಟ್ ವ್ಯಾಗ್‌ಟೇಲ್. ಉಳಿದ ಸಿಪಿಲೆಗಳು ಬಾಲವನ್ನು ಮೇಲೆ ಕೆಳಗೆ ಕುಣಿಸಿದರೆ ಇದು ಅಕ್ಕಪಕ್ಕಕ್ಕೆ ತೂಗುತ್ತದೆ. ಕಂದು ನೊಣಹಿಡುಕಗಳಲ್ಲಿ ಎರಡು: ಕಾಲು ಕಪ್ಪಾದರೆ ಏಷ್ಯನ್ ಬ್ರೌನ್, ಮಾಸಲು ಹಳದಿಯಾದರೆ ಬ್ರೌನ್-ಬ್ರೆಸ್ಟೆಡ್. ನೆರಳಿನಲ್ಲಿ ಎದೆಯ ಬಣ್ಣ ನೋಡುತ್ತ ಕೂರುವುದು ವ್ಯರ್ಥ.

ಮೇಲಿನ ಕೊಂಬೆಗಳಲ್ಲಿ ಉಲಿಯಕ್ಕಿಗಳು. ಇವನ್ನು ಕಣ್ಣಿನಿಂದ ಬೇರ್ಪಡಿಸಲು ಹೋದವರ ಕತ್ತು ನೋಯುತ್ತದೆ, ಕಿವಿ ನಂಬಬೇಕು. ಎರಡು ತುಂಡಿನ ಚುಟುಕು ಕರೆ ಗ್ರೀನಿಷ್, ಮೂರು ತುಂಡಿನದು ಗ್ರೀನ್ ವಾರ್ಬ್ಲರ್. ನಮ್ಮ ಘಟ್ಟದಲ್ಲಿ ಎರಡನೆಯದೇ ಹೆಚ್ಚು. ಸಣ್ಣ ಸುತ್ತಿಗೆಯಲ್ಲಿ ತಟ್ಟಿದಂತೆ ಕೆಳಗೊಂದು ಮೇಲೊಂದು ಸ್ವರ ಬಂದರೆ ಲಾರ್ಜ್-ಬಿಲ್ಡ್. ಚಳಿಗಾಲವಿಡೀ ಕರೆಯನ್ನಷ್ಟೇ ಕೊಟ್ಟ ಇವು ಹೊರಡುವ ಮುನ್ನ ಹಾಡಲು ಶುರುಮಾಡುತ್ತವೆ, ಹೀಗಾಗಿ ಏಪ್ರಿಲ್‌ನಲ್ಲಿ ಪರಿಚಿತ ಹಕ್ಕಿಯೂ ಅಪರಿಚಿತವಾಗಿ ಕೇಳುತ್ತದೆ. ಮೊಬೈಲಿನಲ್ಲಿ ಮುದ್ರಿಸಿಕೊಂಡು ಸಂಜೆ ನಿಧಾನವಾಗಿ ಕೇಳಬೇಕು. ಹಕ್ಕಿಗೆ ಅದರದೇ ದನಿ ಹಾಕಿ ಕರೆಯುವುದು ಮಾತ್ರ ಸಲ್ಲ.

ಕೊನೆಗೆ ನವರಂಗ (ಇಂಡಿಯನ್ ಪಿಟ್ಟಾ). ಚಳಿಗಾಲವನ್ನು ಇಲ್ಲಿ ಕಳೆದದ್ದು ಉತ್ತರಕ್ಕೆ ಮರಳುವ ಕಾಲ. ರಾತ್ರಿ ಹಾರುತ್ತದೆ, ಬೆಳಗಾದರೆ ಎಲ್ಲಿ ತರಗೆಲೆ ದಪ್ಪಗಿದೆಯೋ ಅಲ್ಲಿ ಇಳಿಯುತ್ತದೆ. ಗೊಬ್ಬರಕ್ಕೆಂದು ದರಕು ಗುಡಿಸಿ ಒಯ್ದ ಬೆಟ್ಟದಲ್ಲಿ ಹುಡುಕಿ ಫಲವಿಲ್ಲ. ಇನ್ನೂ ಗುಡಿಸದ ಇಳಿಜಾರು, ಬಿದಿರುಮೆಳೆಯ ಬುಡ ನೋಡಬೇಕು. ಕೂಗು ಎರಡು ಸ್ವರದ ಸಿಳ್ಳೆ, ಸೂರ್ಯ ಹುಟ್ಟುವ ಮುನ್ನ ಮತ್ತು ಮುಳುಗಿದ ಮೇಲೆ. ಸಿಳ್ಳೆ ಬಂದ ದಿಕ್ಕಿಗೆ ನಡೆಯದೆ, ಬೆನ್ನಿಗೆ ಮರ ಕೊಟ್ಟು ಕೂತು ಎಲೆ ಮಗುಚುವ ಸದ್ದಿಗೆ ಕಿವಿಗೊಟ್ಟರೆ ಅದೇ ಕುಪ್ಪಳಿಸಿಕೊಂಡು ಬರುತ್ತದೆ. ಆರೂವರೆಗೆ ಸಿಳ್ಳೆ ನಿಂತಿತು. ಎಲೆಯ ಸದ್ದು ಇನ್ನೂ ಒಂದು ತಾಸು ಇತ್ತು.